ಬಂಡೆ ತೊಳೆದ ಮಳೆಗಾಲ

ಹೋದ ವರ್ಷ ಸಭೆಯೊಂದಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಮೆಟ್ರೋ ಇಳಿದು ಶಂಕರಪುರದ ಕಡೆ ನಡೆಯುತ್ತಿದ್ದಾಗ ಪೌರಕಾರ್ಮಿಕರಿಬ್ಬರು ಮೋರಿಯ ಅಂಚಿಗೆ ಬ್ಲೀಚಿಂಗ್ ಪೌಡರ್ ಎರಚುತ್ತಿದ್ದರು. ರಾತ್ರಿ ಮಳೆಯಾಗಿತ್ತು. ಒದ್ದೆ ಕಲ್ಲಿನ ಮೇಲೆ ಬಿದ್ದ ಆ ಪುಡಿಯ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತಿತು. ಹಿಂದೆ ಬರುತ್ತಿದ್ದ ಸ್ಕೂಟರಿನವನು ಹಾರ್ನ್ ಹೊಡೆದು, ಏನೋ ಅಂದುಕೊಂಡು ಮುಂದೆ ಹೋದ. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ ಇರಬಹುದು. ನನಗೆ ಅದು ಐದಾರು ವರ್ಷದ ಹಿಂದಿನ ಒಂದು ಮಳೆಗಾಲದ ವಾಸನೆ.

ಆ ವರ್ಷ ನನಗೆ ಸಿಕ್ಕಿದ್ದು ಒಂದೇ ಮಳೆಗಾಲದ ಕೆಲಸ. ನಮ್ಮ ಬಯಲುಸೀಮೆಯ ಬಂಡೆ, ಕೆರೆ, ಕುರುಚಲು ಕಾಡುಗಳ ಗಿಡಗಳಲ್ಲಿ ಯಾವುವು ಕ್ಷೇಮವಾಗಿವೆ, ಯಾವುವು ಅಳಿವಿನ ದಾರಿ ಹಿಡಿದಿವೆ ಎಂದು ತೀರ್ಮಾನಿಸುವ ತಜ್ಞರ ಸಮಿತಿಗೆ ನಾನು ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಗುಮಾಸ್ತಿಕೆಯದು. ಒಂದೊಂದು ಗಿಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿ, ಚಾಮರಾಜಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಸೇರುವ ತಜ್ಞರ ಮುಂದೆ ಓದಬೇಕು. ಅವರು ವಾದ ಮಾಡಿ ದಣಿದ ಮೇಲೆ ಯಾವ ಮೆಟ್ಟಿಲಲ್ಲಿ ನಿಲ್ಲಿಸಿದರೋ ಅದನ್ನು ಬರೆದುಕೊಳ್ಳಬೇಕು. ಮೆಟ್ಟಿಲುಗಳು ಹಲವು. ಕೆಳಗಿನದು 'ಸದ್ಯಕ್ಕೆ ಚಿಂತೆಯಿಲ್ಲ'. ಅಲ್ಲಿಂದ ಮೇಲಕ್ಕೆ ಅಪಾಯ ಹೆಚ್ಚುತ್ತ ಹೋಗಿ, ತುದಿಯಲ್ಲಿ 'ಅಳಿದಿದೆ'. ಪಕ್ಕದಲ್ಲಿ 'ಮಾಹಿತಿ ಸಾಲದು' ಅಂತ ಒಂದು ಮೂಲೆ. ಯಾರೂ ಹೋಗಿ ನೋಡದ ಗಿಡಗಳೆಲ್ಲ ಆ ಮೂಲೆಗೆ. ಶಂಕರಪುರದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು, ನಾನೂ ಅದೇ ಮೂಲೆಯವಳು ಎಂದು ಆಗಾಗ ನಗುತ್ತಿದ್ದೆ. ನಗು ಬಹಳ ಹೊತ್ತು ಇರುತ್ತಿರಲಿಲ್ಲ.

ಒಂಟಿತನದ ಬಗ್ಗೆ ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಆ ಮಳೆಗಾಲ ನಾನು ತೀರಾ ಒಂಟಿಯಾಗಿದ್ದೆ. ಊರಲ್ಲಿ ನನಗೆ ಗುರುತಿನವರಿರಲಿಲ್ಲ. ಮನೆಯ ಮಾಲೀಕರು ಮಾತಾಡುತ್ತಿದ್ದದ್ದು ನೀರಿನ ಮೋಟಾರು ಆರಿಸುವ ವಿಷಯಕ್ಕೆ ಮಾತ್ರ. ಭಾನುವಾರ ಬಂತೆಂದರೆ ಬೆಳಗಿನಿಂದ ಸಂಜೆವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಗಂಟಲು ಕಟ್ಟಿಹೋದೀತು ಎಂಬ ಭಯಕ್ಕೆ ಗಾಂಧಿಬಜಾರಿಗೆ ಹೋಗಿ, ಬೇಡದ ಸಾಮಾನಿನ ಬೆಲೆ ಕೇಳಿ ಬರುತ್ತಿದ್ದೆ. ಸಮಿತಿಯವರು ಒಳ್ಳೆಯವರೇ. ಆದರೆ ಸಭೆ ಮುಗಿದ ಕೂಡಲೇ ಛತ್ರಿ ಬಿಡಿಸಿಕೊಂಡು ಅವರವರ ಮನೆಗೆ ಹೊರಟುಬಿಡುತ್ತಿದ್ದರು.

ಸಮಿತಿಯ ಮುಂದಿದ್ದ ಗಿಡಗಳಲ್ಲಿ ಬಂಡೆಗಿಡವೊಂದು ಇತ್ತು. ಬೆರಳುದ್ದದ ಹುಲ್ಲಿನಂಥ ಗಿಡ. ಬಂಡೆಯ ಮೇಲಿನ ಗುಳಿಗಳಲ್ಲಿ ಮಳೆನೀರು ನಿಂತರೆ ಹುಟ್ಟುತ್ತದೆ, ನೀರು ಬತ್ತುವುದರೊಳಗೆ ಬೀಜ ಉದುರಿಸಿ ಸತ್ತುಹೋಗುತ್ತದೆ. ತುದಿಯಲ್ಲಿ ಬಿಳಿಯ ಒಂದು ಹೂತಲೆ, ಅಂಗಿಯ ಗುಂಡಿಯ ಹಾಗೆ. ಅದಕ್ಕೆ ಕನ್ನಡದ ಹೆಸರಿರಲಿಲ್ಲ. ನಾನು ಗುಂಡಿಹೂವು ಎಂದು ಕರೆದುಕೊಂಡೆ. ಬಹಳ ಹಿಂದೆ ಯಾರೋ ಒಣಗಿಸಿಟ್ಟ ಮಾದರಿಯ ಹಾಳೆಯ ಮೇಲೆ 'ಬಸವನಗುಡಿಯ ಹತ್ತಿರದ ಬಂಡೆ' ಎಂದಷ್ಟೇ ಬರೆದಿತ್ತು. ಆಮೇಲೆ ಯಾರೂ ಅದನ್ನು ಕಂಡಿರಲಿಲ್ಲ. ನನಗೋ ಭಾನುವಾರಗಳನ್ನು ಕಳೆಯಬೇಕಿತ್ತು. ಬಸವನಗುಡಿಯಲ್ಲಿ ಮನೆಗಳ ನಡುವೆ ತಲೆಯೆತ್ತಿರುವ ಬಂಡೆಗಳನ್ನೆಲ್ಲ ಹುಡುಕಿಕೊಂಡು ಬೀದಿ ಬೀದಿ ಅಲೆಯತೊಡಗಿದೆ.

ಹಾಗೆ ಅಲೆಯುವಾಗಲೇ ಜಯಮ್ಮನ ಮನೆ ಸಿಕ್ಕಿದ್ದು. ತರಕಾರಿ ವ್ಯಾಪಾರದ ಕೂಡುಕುಟುಂಬ. ಗಂಡ, ಮೈದುನಂದಿರು ಹೋಟೆಲುಗಳಿಗೆ ತರಕಾರಿ ಒದಗಿಸುತ್ತಿದ್ದರು. ಗೇಟಿನಲ್ಲಿ ಟೆಂಪೋ, ಅಂಗಳದಲ್ಲಿ ಟೊಮೇಟೊ ಕ್ರೇಟುಗಳು, ಒಳಗೆ ಓದುವ ಮಕ್ಕಳು, ಎಲ್ಲೆಲ್ಲೂ ಫೋನಿನಲ್ಲಿ ಕೂಗುವವರು. ಅದರ ಹಿಂದೆ, ಹಿತ್ತಿಲಲ್ಲಿ, ಮಲಗಿದ ಎಮ್ಮೆಯಂಥ ಒಂದು ಬಂಡೆ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೀನ್ಸ್ ವಿಂಗಡಿಸುತ್ತಿದ್ದ ಜಯಮ್ಮ ತಲೆಯೆತ್ತಿ ನನ್ನ ನೋಡಿದಳು. ನನಗಿಂತ ಹತ್ತು ವರ್ಷಕ್ಕೆ ಹಿರಿಯಳಿರಬಹುದು.

"ಯಾರು ಬೇಕಿತ್ತು?"

"ಯಾರೂ ಬೇಡ. ಹಿಂದೆ ಬಂಡೆ ಕಾಣ್ತಿದೆಯಲ್ಲ, ಅದ್ರ ಮೇಲೆ ಮಳೆನೀರು ನಿಂತಿದ್ಯಾ ಅಂತ ನೋಡ್ಬಹುದಾ?"

"ಓ, ನೀರು ನೋಡೋಕೆ ಬಂದಿರೋರಾ? ಬನ್ನಿ ಬನ್ನಿ. ಹೋದ ತಿಂಗ್ಳು ಒಬ್ರು ಬಂದು, ಡ್ರಮ್ಮೆಲ್ಲ ಮುಚ್ಚಿಡಿ, ಸೊಳ್ಳೆ ಆಗುತ್ತೆ ಅಂತ ಬೈದು ಹೋದ್ರು. ನೀವು ಬೈಬೇಡಿ, ಅಷ್ಟೇ."

ನನ್ನನ್ನು ಆರೋಗ್ಯ ಇಲಾಖೆಯವಳೆಂದು ಆಕೆ ತಿಳಿದುಕೊಂಡಳು. ಬಂಡೆ ಹತ್ತುವ ಆತುರದಲ್ಲಿ ನಾನು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. ಬಂಡೆಯ ನೆತ್ತಿಯಲ್ಲಿ ನಾಲ್ಕೈದು ಗುಳಿಗಳು, ಪಾದ ಮುಳುಗುವಷ್ಟು ನೀರು, ತಳದಲ್ಲಿ ಒಂದು ಪದರ ಕಪ್ಪು ಮಣ್ಣು. ಆ ಮಣ್ಣಿನಿಂದ ಸೂಜಿಗಳಂತೆ ಎದ್ದು ನಿಂತಿದ್ದವು ಎಳೆಯ ಗಿಡಗಳು. ಒಂದೆರಡರ ತುದಿಯಲ್ಲಿ ಬಿಳಿಯ ಮೊಗ್ಗು. ನನಗೆ ಅಳು ಬಂತು. ಹೇಳಿಕೊಳ್ಳೋಣವೆಂದರೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಫೋಟೋಗಳನ್ನು ತೆಗೆದು, ಮಾದರಿಗೆಂದು ಒಂದೇ ಒಂದು ಗಿಡ ಕಿತ್ತು, ಇಳಿದು ಬಂದೆ. ಜಯಮ್ಮ ಕಾಫಿ ಹಿಡಿದು ನಿಂತಿದ್ದಳು.

ಮುಂದಿನ ಸಭೆಯಲ್ಲಿ ನನ್ನ ಫೋಟೋ ನೋಡಿ ಅಧ್ಯಕ್ಷರಾದ ನಾಗಭೂಷಣ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಎಂಬತ್ತರ ಹತ್ತಿರದ ಮನುಷ್ಯ. ಹರೆಯದಲ್ಲಿ ಇದೇ ಗಿಡಕ್ಕಾಗಿ ಅಲೆದವರಂತೆ. ಸಂತೋಷ ಒಂದು ನಿಮಿಷ ಇತ್ತು, ಆಮೇಲೆ ಕ್ರಮ ಶುರುವಾಯಿತು. ನಕಾಶೆಯ ಮೇಲೆ ಎರಡು ಕಿಲೋಮೀಟರ್ ಉದ್ದಗಲದ ಚೌಕಗಳನ್ನೆಳೆದು, ಗಿಡ ಎಷ್ಟು ಚೌಕಗಳಲ್ಲಿದೆ ಎಂದು ಎಣಿಸುವುದು ಪದ್ಧತಿ. ಮಂಚದಷ್ಟಗಲದ ಜಾಗಕ್ಕೂ ಒಂದು ಇಡೀ ಚೌಕ ಸಿಕ್ಕಿತು. ಅದರೊಳಗೆ ಗಾಂಧಿಬಜಾರು, ದೇವಸ್ಥಾನಗಳು, ದೋಸೆ ಹೋಟೆಲುಗಳು, ಲೆಕ್ಕವಿಲ್ಲದಷ್ಟು ಸ್ಕೂಟರುಗಳು ಎಲ್ಲ ಬಂದವು. ಇಷ್ಟೆಲ್ಲ ಆಸ್ತಿಯಿದ್ದೂ ಅದು ತುದಿಗೆ ತೀರಾ ಹತ್ತಿರದ, 'ಅಳಿವಿನ ಅಂಚಿನಲ್ಲಿದೆ' ಎಂಬ ಮೆಟ್ಟಿಲಿಗೇ ಹೋಯಿತು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ನಾನು ಜಯಮ್ಮನ ಮಾತೆತ್ತಿದಾಗ. "ಮನೆಯವರಿಗೆ ಹೇಳ್ಬೋದಾ ಸರ್?"

"ಬೇಡ," ಎಂದರು ನಾಗಭೂಷಣ್ ಸರ್. "ನಿಯಮ ಗೊತ್ತಲ್ಲ ನಿಮಗೆ. ಇಷ್ಟು ಅಪರೂಪದ್ದು ಸಿಕ್ಕಾಗ ಜಾಗದ ಬಗ್ಗೆ ಬಾಯಿಬಿಡಬಾರದು."

ನಿಯಮಕ್ಕೆ ಕಾರಣವಿತ್ತು. ಬೆಟ್ಟವೊಂದರ ಸೀತಾಳೆ ಎಂಬ ಆರ್ಕಿಡ್ ಹೂವಿನ ಜಾಗ ಬಾಯಿಂದ ಬಾಯಿಗೆ ಹರಡಿ, ಮಾರುವವರು ಬುಡಸಮೇತ ಒಯ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಜಾಗದ ಒಡೆಯರಿಗೆ ಹೇಳಿದರೆ, ಸರಕಾರ ಎಲ್ಲಿ ಜಮೀನು ಕಿತ್ತುಕೊಳ್ಳುತ್ತದೋ ಎಂದು ಹೆದರಿ ಅವರೇ ಗಿಡ ಸುಟ್ಟುಬಿಡುವುದೂ ಉಂಟು. "ಬೀಜ ಕಟ್ಟಲಿ. ಬೀಜ ಕೈಗೆ ಬಂದ್ಮೇಲೆ ಹೇಳೋಣ. ಅಲ್ಲೀವರ್ಗೂ ಹುಷಾರು," ಎಂದರು. ಇಂದಿಗೂ ಆ ಮಾತು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಬೀಜ ಕಟ್ಟುವವರೆಗೆ ನಾನು ಎರಡು ಮೂರು ದಿನಕ್ಕೊಮ್ಮೆ ಜಯಮ್ಮನ ಮನೆಗೆ ಹೋಗಬೇಕಾಯಿತು. ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ನೋಡುತ್ತೇನೆ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ವಾರಕ್ಕೊಮ್ಮೆ ಹೋಗಿದ್ದರೆ ಸಾಕಿತ್ತು. ಉಳಿದ ದಿನ ಹೋದದ್ದು ಆಕೆಗಾಗಿ. ಆ ಮನೆಯಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ, ಆದರೂ ನನಗೆ ಕೂರಲು ಒಂದು ಕ್ರೇಟು ಬೋರಲು ಬೀಳುತ್ತಿತ್ತು. ಜಯಮ್ಮ ಸೊಪ್ಪು ಕಟ್ಟುತ್ತ ಮಾತಾಡುತ್ತಿದ್ದಳು.

"ಅಲ್ಲಾ ಮೇಡಂ, ಮದ್ವೆ ಬೇಡ ಅಂದ್ರಾ, ಸಿಗ್ಲಿಲ್ವಾ?"

"ಎರಡೂ ಸ್ವಲ್ಪ ಸ್ವಲ್ಪ."

"ಒಳ್ಳೇದಾಯ್ತು ಬಿಡಿ. ನಮ್ಮನೇಲಿ ನೋಡಿ, ಹದಿನಾಲ್ಕು ಜನ. ಬಚ್ಚಲಿಗೆ ಹೋಗೋಕೂ ಟೋಕನ್ ತಗೋಬೇಕು. ನೀವೇ ಆರಾಮ್."

ಹಾಗೆ ಅಂದವಳೇ, ನಾನು ಹೊರಡುವಾಗ ಚೀಲದಲ್ಲಿ ನುಗ್ಗೆಕಾಯಿ ತುರುಕುತ್ತಿದ್ದಳು. "ಒಬ್ರಿಗೇಂತ ಸಾರು ಮಾಡ್ದೆ ಇರ್ಬೇಡಿ." ಆ ಒಂದು ಮಾತಿಗಾಗಿ ನಾನು ಕೋಣೆಗೆ ಬಂದು, ಹಸಿವಿಲ್ಲದಿದ್ದರೂ ಸಾರು ಮಾಡುತ್ತಿದ್ದೆ. ಬಂಡೆಯ ಮೇಲೆ ಏನಿದೆ ಎಂದು ಹೇಳಿಬಿಡುವ ಆಸೆ ಎಷ್ಟೋ ಸಲ ನಾಲಗೆಯ ತುದಿಗೆ ಬಂತು. ಆಕೆಯ ಬಾಯಿಗೆ ಬೀಗವಿಲ್ಲ ಎಂಬುದೂ ನನಗೆ ಗೊತ್ತಿತ್ತು. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮಾರ್ಕೆಟ್ಟಿನಲ್ಲಿರುತ್ತಿತ್ತು.

ಗುಂಡಿಹೂಗಳು ಬಿಳಿಯಿಂದ ಬೂದಿಬಣ್ಣಕ್ಕೆ ತಿರುಗುತ್ತಿದ್ದವು. ಇನ್ನೊಂದು ವಾರ ಬಿಸಿಲು ಬಂದರೆ ಬೀಜ ಬಲಿಯುತ್ತಿತ್ತು. ಅಷ್ಟರಲ್ಲಿ ನನಗೆ ಜ್ವರ ಬಂತು.

ಮೈ ಕೆಂಡದಂತೆ ಸುಡುತ್ತಿತ್ತು. ಕೋಣೆಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದೆ. ಫೋನು ಒಮ್ಮೆಯೂ ರಿಂಗಾಗಲಿಲ್ಲ. ಸಭೆಯಿದ್ದದ್ದು ಮುಂದಿನ ತಿಂಗಳು, ಯಾರಿಗೆ ನನ್ನ ಅಗತ್ಯವಿತ್ತು? ಸತ್ತರೆ ಮೊದಲು ತಿಳಿಯುವುದು ಮೋಟಾರು ಆರಿಸದಿದ್ದಾಗ ಮಾಲೀಕರಿಗೆ ಎಂದುಕೊಂಡು ಮಲಗಿದ್ದೆ. ಆಗ ಬಾಗಿಲು ಬಡಿದವಳು ಜಯಮ್ಮ. ಶಂಕರಪುರದಲ್ಲಿ ಯಾವ ಮನೆ ಎಂದು ನಾಲ್ಕು ಕಡೆ ವಿಚಾರಿಸಿಕೊಂಡು ಬಂದಿದ್ದಳು. ಕೈಯಲ್ಲಿ ಗಂಜಿಯ ಡಬ್ಬಿ.

"ಬರ್ಲಿಲ್ವಲ್ಲ ಅಂತ ನೋಡ್ದೆ, ನೋಡ್ದೆ. ಇದೇನ್ರೀ ಇದು, ಹೆಣದ್ ತರ ಬಿದ್ದಿದೀರ? ಒಂದ್ ಫೋನ್ ಮಾಡೋಕಾಗಲ್ವಾ ನಿಮ್ಗೆ?"

ಬೈಯುತ್ತಲೇ ಗಂಜಿ ಕುಡಿಸಿದಳು. ಮೈದುನನ ಸ್ಕೂಟರಿನಲ್ಲಿ ಕೂರಿಸಿ ರಕ್ತಪರೀಕ್ಷೆಗೆ ಕಳಿಸಿದಳು. ತಲೆ ಬಾಚಿದಳು. ಎಷ್ಟೋ ವರ್ಷಗಳಲ್ಲಿ ಇನ್ನೊಬ್ಬರ ಕೈ ನನ್ನ ತಲೆಯ ಮೇಲೆ ಬಿದ್ದದ್ದು ಅದೇ ಮೊದಲು. ನಾನು ಗೋಡೆಯ ಕಡೆ ಮುಖ ಮಾಡಿ ಅತ್ತೆ. ಜ್ವರಕ್ಕೆ ಕಣ್ಣು ಉರಿಯುತ್ತಿದೆ ಎಂದೆ. "ಡೆಂಗ್ಯೂನೇ ಇದು," ಎಂದಳು ಅವಳು. ರಿಪೋರ್ಟು ಬಂದಾಗ ಡೆಂಗ್ಯೂ ಅಲ್ಲ, ಮಾಮೂಲಿ ವೈರಲ್ ಜ್ವರ ಎಂದಿತ್ತು. ಅದನ್ನು ಅವಳಿಗೆ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಡೆಯುವಷ್ಟು ಶಕ್ತಿ ಬಂದ ಬೆಳಿಗ್ಗೆ, ಬೀಜ ಹಾಕಿಕೊಳ್ಳಲು ಕಾಗದದ ಲಕೋಟೆಗಳನ್ನು ಹಿಡಿದುಕೊಂಡು ಬಸವನಗುಡಿಗೆ ಹೋದೆ. ಗೌರಿಹಬ್ಬದ ಮುನ್ನಾದಿನ. ಗೇಟಿನ ಬಳಿಯೇ ಆ ಘಾಟು ಬಡಿಯಿತು. ಜಯಮ್ಮ ನಗುನಗುತ್ತ ನನ್ನ ಕೈಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ನೋಡಿ, ಹೆಂಗಿದೆ!"

ಬಂಡೆ ಹೊಸಮನೆಯ ನೆಲದಂತೆ ಹೊಳೆಯುತ್ತಿತ್ತು. ಗುಳಿಗಳೊಳಗೆ ನೀರಿಲ್ಲ, ಮಣ್ಣಿಲ್ಲ, ಹಸಿರಿಲ್ಲ. ತಂತಿಬ್ರಷ್ಷಿನ ಗೀರುಗಳು, ಅಂಚಿನಲ್ಲಿ ಬಿಳಿಯ ಪುಡಿ.

"ನೀವು ಪಾಪ ಬಾಯ್ಬಿಟ್ಟು ಹೇಳಲ್ಲ, ಸಂಕೋಚ ನಿಮ್ಗೆ. ಅಷ್ಟ್ ಸಲ ಬಂದು ನೀರು ನೋಡ್ಕೊಂಡು ಹೋದ್ರಿ, ನಮ್ ತಲೇಗೆ ಹೋಗ್ಲಿಲ್ಲ. ಕೊನೇಗೆ ನಮ್ಮನೆ ಸೊಳ್ಳೆ ನಿಮ್ಗೇ ಕಚ್ತು. ಇಬ್ರು ಹುಡುಗ್ರನ್ನ ಹಾಕಿ ಎಲ್ಲಾ ಕೆರೆಸ್ಬಿಟ್ಟೆ. ಇನ್ಮೇಲೆ ಒಂದ್ ತೊಟ್ಟು ನಿಲ್ಲಲ್ಲ. ನಿಮ್ ಸಾಹೇಬ್ರಿಗೆ ಫೋಟೋ ಕಳ್ಸಿ, ನಿಮ್ಗೂ ಒಳ್ಳೆ ಹೆಸ್ರು ಬರ್ಲಿ."

"ಕೆರೆದ ಮಣ್ಣು ಎಲ್ಲಿ ಹಾಕಿದ್ರಿ ಜಯಮ್ಮ?"

"ಮೊನ್ನೇನೇ ಕಸದ್ ಗಾಡಿಗೆ. ಯಾಕೆ?"

ನಾನು ಬಂಡೆಯ ಮೇಲೆ ಕೂತುಬಿಟ್ಟೆ. ನಿಯಮ ಈಗ ಯಾರನ್ನು ಕಾಯಬೇಕಿತ್ತು? ಎಲ್ಲವನ್ನೂ ಹೇಳಿದೆ. ಗಿಡದ ಕತೆ, ಇಡೀ ಲೋಕದಲ್ಲಿ ನಮಗೆ ಗೊತ್ತಿದ್ದ ಜಾಗ ಇದೊಂದೇ ಎಂಬುದು, ಹೇಳಬಾರದೆಂಬ ಕಟ್ಟು. ಫೋನಿನಲ್ಲಿ ಚಿತ್ರ ತೋರಿಸಿದೆ. ಜಯಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಮೊದಲು ಅವಳ ಮುಖದ ನಗು ಹೋಯಿತು, ಆಮೇಲೆ ಬಣ್ಣ.

"ಹೇಳಿದ್ರೆ ನಾನೇನು ಕಿತ್ತು ಸಾರಿಗೆ ಹಾಕ್ಬಿಡ್ತಿದ್ನಾ?"

"ನೀವಂತ ಅಲ್ಲ ಜಯಮ್ಮ. ಯಾರಿಗೂ ಹೇಳ್ಬಾರ್ದು ಅಂತ..."

"ನಾನು ಯಾರೋನಾ? ನಿಮ್ ತಲೆ ಬಾಚ್ದೆ ನಾನು. ಮನೆಯವ್ಳು ಅಂದ್ಕೊಂಡಿದ್ದೆ ನಿಮ್ಮನ್ನ. ನೀವು ನಮ್ಮನೆ ಹಿತ್ಲಲ್ಲಿ ಕೂತ್ಕೊಂಡು ನನ್ನನ್ನೇ ಕಳ್ಳಿ ತರ ಕಾಯ್ತಿದ್ರಾ?"

ಅವಳು ಫೋನು ಹಿಂದಕ್ಕೆ ಕೊಟ್ಟಳು. "ಆ ಫೋಟೋ ನಂಗೆ ಕಳ್ಸಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಕಾಫಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಗೇಟು ನಾನೇ ತೆರೆದುಕೊಂಡು ಬಂದೆ.

ಸಭೆಯಲ್ಲಿ ಅಪಾಯದ ಕಾರಣ ಬರೆಯಬೇಕಿತ್ತು. ಅದಕ್ಕೆ ಸಿದ್ಧ ಕಾರಣಗಳಿರುತ್ತವೆ. ಗಣಿಗಾರಿಕೆ, ರಸ್ತೆ, ಬೆಂಕಿ, ದನ ಮೇಯಿಸುವುದು. 'ನಿವಾಸಿಗಳಿಂದ ತೊಂದರೆ' ಎಂದು ಹಾಕಿ ಎಂದರು ಒಬ್ಬರು. ನನಗೆ ರೇಗಿಹೋಯಿತು.

"ನಾವು ಗುಟ್ಟು ಮಾಡಿದ್ದಕ್ಕೆ ಹೋಯ್ತು ಅಂತ ಬರೆಯೋಕೆ ಜಾಗ ಇದ್ಯಾ ಸರ್?"

ನಾಗಭೂಷಣ್ ಸರ್ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಕೊನೆಗೆ 'ಸ್ವಚ್ಛತೆ' ಎಂದು ಬರೆದೆವು. ಮೆಟ್ಟಿಲು ಬದಲಾಗಲಿಲ್ಲ, ಅದರ ಮುಂದೆ 'ಬಹುಶಃ ಅಳಿದಿರಬಹುದು' ಎಂದು ಸೇರಿತು. ಕೊನೆಯ ಗಿಡವೂ ಸತ್ತಿದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲದಾಗ ಮಾತ್ರ 'ಅಳಿದಿದೆ' ಎನ್ನಬೇಕು. ಅವಸರಪಟ್ಟು ಹಾಗೆಂದರೆ ಹುಡುಕುವವರೇ ಇಲ್ಲವಾಗಿ, ಎಲ್ಲೋ ಬದುಕಿರುವುದೂ ಸಾಯುತ್ತದೆ. ಬಂಡೆಯ ಸಂದಿಯಲ್ಲಿ ಒಂದು ಬೀಜ ಉಳಿದಿರಬಾರದೇಕೆ? ಸರಿಯಾದ ಕಾಲದಲ್ಲಿ, ಮಳೆಗಾಲದ ಮೇಲೆ ಮಳೆಗಾಲ, ಯಾರಾದರೂ ನೋಡಬೇಕಿತ್ತು. ನೋಡಲು ಯಾರನ್ನೂ ನೇಮಿಸಲಿಲ್ಲ. ನನ್ನ ಕೆಲಸದ ಅವಧಿ ಮುಗಿದು, ಕೋಣೆ ಖಾಲಿ ಮಾಡಿ ಬೇರೆ ಊರು ಸೇರಿದೆ. ಜಯಮ್ಮನಿಗೆ ಹಬ್ಬಕ್ಕೊಂದು ಶುಭಾಶಯ ಕಳಿಸುತ್ತಿದ್ದೆ. ನೋಡಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಹೋದ ವರ್ಷದ ಸಭೆ ಹಳೆಯ ತೀರ್ಮಾನಗಳನ್ನು ಮತ್ತೆ ತೂಗಿ ನೋಡಲು ಕರೆದದ್ದು. ಈ ಸಲ ನಾನೂ ಸಮಿತಿಯ ಸದಸ್ಯೆ. ನಾಗಭೂಷಣ್ ಸರ್ ಈಗಿಲ್ಲ. ಗುಂಡಿಹೂವಿನ ಸರದಿ ಮರುದಿನವಿತ್ತು. ಬೇರೆ ಬಂಡೆಗಳನ್ನು ಸದಸ್ಯರು ನೋಡಿ ಬಂದಿದ್ದರು, ಎಲ್ಲೂ ಇರಲಿಲ್ಲ. ಉಳಿದದ್ದು ಆ ಒಂದು ಹಿತ್ತಿಲು. ಬೈದು ಕಳಿಸಿದರೆ ಬೈಸಿಕೊಳ್ಳೋಣ ಎಂದು ಗಟ್ಟಿಮನಸ್ಸು ಮಾಡಿ ಗೇಟು ತಟ್ಟಿದೆ.

ಜಯಮ್ಮನ ತಲೆ ನರೆತಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಳಿದ್ಹೋಗಿದೀರ," ಎಂದಳು. ಕೇಳುವ ಮೊದಲೇ ಹಿತ್ತಿಲಿಗೆ ನಡೆದಳು. ಬಂಡೆಯ ಸುತ್ತ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿದ್ದಳು. ಗುಳಿಗಳಲ್ಲಿ ಮತ್ತೆ ಮಣ್ಣು ಕೂತಿತ್ತು, ನೀರು ನಿಂತಿತ್ತು, ಪಾಚಿ, ಗರಿಕೆ, ಯಾವ್ಯಾವುದೋ ಸಣ್ಣ ಕಳೆ. ಮೊಣಕಾಲೂರಿ ಬಗ್ಗಿ ನೋಡಿದೆ.

"ಅದಲ್ಲ," ಎಂದಳು ಹಿಂದಿನಿಂದ. "ಪ್ರತಿ ಮಳೆಗೂ ನೋಡಿದೀನಿ. ಆ ಫೋಟೋ ಇಟ್ಕೊಂಡು, ಒಂದೊಂದು ಹುಲ್ಲೂ ನೋಡಿದೀನಿ. ಸೊಳ್ಳೆ ಆಗುತ್ತೆ ಅಂತ ಮನೇಲಿ ಜಗಳ, ಇಲಾಖೆಯೋರ್ ಜೊತೆ ಜಗಳ. ಯಾರ್ನೂ ಮುಟ್ಟಕ್ ಬಿಟ್ಟಿಲ್ಲ. ಒಂದ್ ವರ್ಷಾನೂ ಬರ್ಲಿಲ್ಲ."

ಆಮೇಲೆ ಅವಳೇ ಕೇಳಿದಳು: "ನಾನು ನೋಡಿದೀನಿ ಅಂದ್ರೆ ನಿಮ್ಮೋರು ಏನ್ ಮಾಡ್ತಾರೆ?"

"ಇಲ್ಲ ಅಂತ ತೀರ್ಮಾನ ಮಾಡ್ತಾರೆ. ಅಳಿದುಹೋಯ್ತು ಅಂತ."

"ನೋಡಿಲ್ಲ ಅಂದ್ರೆ?"

"ಇನ್ನೂ ನೋಡ್ಬೇಕು ಅಂತಾರೆ."

ಅವಳು ನೀರಿನ ಮೇಲೆ ತೇಲುತ್ತಿದ್ದ ಎಲೆಯೊಂದನ್ನು ತೆಗೆದು ಆಚೆ ಹಾಕಿದಳು. ಸುಳ್ಳು ಹೇಳಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಇಷ್ಟು ವರ್ಷ ಪುರಾವೆ ಪುರಾವೆ ಎಂದು ಬದುಕಿದ ನನಗೆ ಅಂಥ ಆಸೆ ಬಂದದ್ದು ಅದೊಂದೇ ಸಲ.

"ಬೇಡ," ಎಂದಳು ಜಯಮ್ಮ. "ಮುಚ್ಚಿಟ್ಟಿದ್ದು ಸಾಕು. ನೋಡ್ದೆ, ಇಲ್ಲ. ಹಂಗೇ ಹೇಳಿ."

ಹಾಗೇ ಹೇಳಿದೆ. ಸೂಕ್ತ ಕಾಲದಲ್ಲಿ ಪ್ರತಿ ಮಳೆಗಾಲವೂ ಸ್ಥಳದಲ್ಲೇ ಇದ್ದು ನೋಡಿದವರಿದ್ದಾರೆ ಎಂದೆ. ಅವರ ಮಾತನ್ನು ನಂಬಬಹುದೇ ಎಂದು ಹೊಸ ಅಧ್ಯಕ್ಷರು ಕೇಳಿದರು. ಈ ಸಮಿತಿಯಲ್ಲಿ ಕೂತ ಯಾರ ಮಾತಿಗಿಂತಲೂ ಹೆಚ್ಚು ನಂಬಬಹುದು ಎಂದೆ. ಸಂದಿಯಲ್ಲಿ ಬೀಜ ಉಳಿದಿದ್ದರೆ ಎಂದು ಕಿರಿಯ ಸದಸ್ಯರೊಬ್ಬರು ಸ್ವಲ್ಪ ಹೊತ್ತು ಎಳೆದರು. ಇಷ್ಟು ಮಳೆಗಳಾದ ಮೇಲೆ ಅನುಮಾನಕ್ಕೆ ಎಡೆಯಿಲ್ಲ ಎಂದು ಅವರಿಗೆ ತಿಳಿಹೇಳಿದವಳು ನಾನೇ. ಎಲ್ಲರೂ ಒಪ್ಪಿದರು. ಗುಂಡಿಹೂವು ತುದಿಯ ಮೆಟ್ಟಿಲಿಗೆ ಹೋಯಿತು. ಊಟದ ಹೊತ್ತಾಗಿತ್ತು, ಮುಂದಿನ ಗಿಡವನ್ನು ಊಟದ ಮೇಲೆ ತೆಗೆದುಕೊಂಡೆವು.

ಈ ವರ್ಷ ಮುಂಗಾರು ಹಿಡಿದ ಮೇಲೆ ಒಂದು ಸಂಜೆ ಫೋನು ರಿಂಗಾಯಿತು. ನನ್ನ ಮನೆಯಲ್ಲಿ ಫೋನು ರಿಂಗಾಗುವುದು ಅಪರೂಪ, ಬೆಚ್ಚಿಬಿದ್ದೆ. ಹಿಂದೆ ಕ್ರೇಟುಗಳ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು.

"ಮೇಡಂ, ನಾನು ಜಯಮ್ಮ. ಚೆನ್ನಾಗ್ ಮಳೆ ಬಿತ್ತು. ಈಗ್ತಾನೆ ನೋಡ್ಕೊಂಡ್ ಬಂದೆ. ಇಲ್ಲ."

ಅದು ಅಳಿದಿದೆ ಎಂದು ಕೈಯೆತ್ತಿದವಳು ನಾನು. ಅನುಮಾನಕ್ಕೆ ಎಡೆಯಿಲ್ಲ ಎಂದು ಹೇಳಿದವಳು ನಾನು. ಇನ್ನು ನೋಡಬೇಕಾಗಿಲ್ಲ ಎಂದು ಅವಳಿಗೆ ಹೇಳುವುದು ನನ್ನ ಕರ್ತವ್ಯವೇ ಆಗಿತ್ತು.

"ಆಗ್ಲಿ ಜಯಮ್ಮ," ಎಂದೆ. "ಮುಂದಿನ ವಾರ ಇನ್ನೊಂದ್ಸಲ ನೋಡಿ, ಫೋನ್ ಮಾಡಿ."